ಓಡುವ ಕಣ್ಣಿನ ಕಂಡಕ್ಟರ್ ಶೇಖವ್ವ

ಕಂಡಕ್ಟರ್ ಶೇಖವ್ವ ದ್ಯಾಮಪ್ಪನಿಗೆ ಕಣ್ಣು ಹೊಡೆದಳಂತೆ ಎಂಬ ಸುದ್ದಿ ಯಲವಿಗಿಯಲ್ಲಿ ಬಸ್ಸು ಹತ್ತಿ ಸವಣೂರಿನಲ್ಲಿ ಇಳಿಯುವಷ್ಟರಲ್ಲಿ ಕೈಕಾಲು ಮೂಡಿಸಿಕೊಂಡಿತ್ತು. ಶಿಗ್ಗಾವಿ ಮುಟ್ಟುವ ಹೊತ್ತಿಗೆ ಅದಕ್ಕೆ ಮೀಸೆಯೂ ಬಂದಿತ್ತು.

ನಡೆದದ್ದು ಇಷ್ಟೇ. ಬೇಸಿಗೆಯ ಮಟಮಟ ಮಧ್ಯಾಹ್ನ. ಯಲವಿಗಿ ಸ್ಟೇಶನ್ನಿನ ಎದುರು ಬಸ್ಸು ನಿಂತಿತ್ತು. ಶೇಖವ್ವ ಕೆಳಗಿಳಿದು, ಟಿಕೆಟ್ ಮಷಿನ್ನನ್ನು ಕಂಕುಳಲ್ಲಿ ಒತ್ತಿಕೊಂಡು, "ಸವಣೂರ, ಶಿಗ್ಗಾವಿ" ಎಂದು ಕೂಗುತ್ತಿದ್ದಳು. ಸವಣೂರಿನ ವೀಳ್ಯದೆಲೆ ವ್ಯಾಪಾರಿ ದ್ಯಾಮಪ್ಪ ತನ್ನ ಖಾಲಿ ಬುಟ್ಟಿಗಳನ್ನು ಬಾಗಿಲಿಗೆ ಅಡ್ಡ ಇಟ್ಟು ನಿಂತಿದ್ದ. ಬಿಸಿಲಿಗೆ ನಿಂತರೆ ಶೇಖವ್ವನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅದು ಚಿಕ್ಕಂದಿನಿಂದ ಬಂದದ್ದು. ಆ ಒಂದು ಕಣ್ಣು ಮುಚ್ಚಿಕೊಂಡೇ ಅವಳು, "ಬುಟ್ಟಿ ಆಚಿ ತಗೀರಿ, ಮಂದಿ ಹತ್ತಬೇಕು" ಎಂದಳು.

"ಹಿಂಗ ಕಣ್ಣ ಹೊಡದು ಹೇಳಿದ್ರ ಬುಟ್ಟಿ ಯಾಕ, ನಮ್ಮ ಅಂಗಡೀನ ತಗೀತೇನಿ ಬಿಡವ್ವಾ" ಎಂದ ದ್ಯಾಮಪ್ಪ, ಸುತ್ತಲಿದ್ದವರಿಗೂ ಕೇಳುವಂತೆ.

ಜನ ಗೊಳ್ಳೆಂದು ನಕ್ಕರು. ಶೇಖವ್ವನ ಮುಖಕ್ಕೆ ರಕ್ತ ಏರಿತು.

"ನಿನ್ನ ಮಾರಿಗೆ ಕಣ್ಣ ಬ್ಯಾರೆ ಹೊಡೀಬೇಕೇನು? ಮೊಮ್ಮಕ್ಕಳನ್ನ ಕಂಡಾಂವ, ನಾಚಿಕಿ ಇಲ್ಲ ನಿನಗ? ಎತ್ತು ಬುಟ್ಟಿ!" ಎಂದು ಅವಳೇ ಎರಡು ಬುಟ್ಟಿಗಳನ್ನು ಕಾಲಿನಿಂದ ನೂಕಿದಳು. ಅವು ಉರುಳಿ ಸ್ಟೇಶನ್ನಿನ ಮೆಟ್ಟಿಲ ತನಕ ಹೋದವು. ಡ್ರೈವರ್ ಹಸನಸಾಬ ಜಗಳ ಬೆಳೆಯಬಾರದೆಂದು ಹಾರ್ನ್ ಬಾರಿಸಿದ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯ ಅವನು. ಶೇಖವ್ವನನ್ನು ತಂಗಿ ಎಂದೇ ಕರೆಯುತ್ತಿದ್ದ.

"ತಂಗಿ, ಹತ್ತು. ಆ ಮುದುಕನ ಬಾಯಿಗೆ ಬ್ರೇಕ್ ಇಲ್ಲ."

"ನಿಮ್ಮ ಹಾರ್ನಿಗೂ ಬ್ರೇಕ್ ಇಲ್ಲ, ಬಿಡ್ರಿ" ಎಂದು ಅವಳು ಸೀಟಿ ಊದಿದ್ದು ಎಷ್ಟು ಜೋರಾಗಿತ್ತೆಂದರೆ ಮುಂದಿನ ಸೀಟಿನ ಕೂಸು ಅಳತೊಡಗಿತು.

ಆಕೆಯ ಸಿಟ್ಟು ನಾಲ್ಕು ತಾಲೂಕಿಗೂ ಗೊತ್ತಿದ್ದದ್ದು. ಹಾನಗಲ್ಲಿನ ಬಸ್‌ ಸ್ಟ್ಯಾಂಡಿನಲ್ಲಿ, ಹಿರೇಕೆರೂರಿನಿಂದ ರಟ್ಟೀಹಳ್ಳಿಗೆ ಹೋಗುವ ದಾರಿಯಲ್ಲಿ, ಎಲ್ಲಿ ಅವಳಿಗೆ ಪಾಳಿ ಬಿದ್ದರೂ ಒಂದು ಜಗಳವಿಲ್ಲದೆ ದಿನ ಮುಗಿಯುತ್ತಿರಲಿಲ್ಲ. ಆದರೆ ಆ ಜಗಳಗಳ ಬೇರು ಎಲ್ಲಿತ್ತು ಎಂಬುದನ್ನು ಯಾರೂ ಕೇಳಿದವರಲ್ಲ. "ಹಿಂದ ಸರೀರಿ" ಎಂದು ಅವಳು ಒಬ್ಬನಿಗೆ ಹೇಳಿದರೆ, ಪಕ್ಕದವನು ತನಗೇ ಹೇಳಿದಳೆಂದು ಸರಿಯುತ್ತಿದ್ದ. ಹೇಳಿಸಿಕೊಂಡವನು ಕಂಬದಂತೆ ನಿಂತೇ ಇರುತ್ತಿದ್ದ. ಮತ್ತೊಮ್ಮೆ ಹೇಳಿದರೆ, "ಯಾರಿಗಂತೀರಿ? ನನಗೇನು ಅವಗೇನು?" ಎಂಬ ಪ್ರಶ್ನೆ. ಹತ್ತಿರದ ಟಿಕೆಟ್ ಮಷಿನ್ನನ್ನು ನೋಡುವಾಗ ಅವಳ ಎರಡೂ ಕಣ್ಣುಗಳು ನೆಟ್ಟಗೆ ಇರುತ್ತಿದ್ದವು. ತಲೆಯೆತ್ತಿ ಬಸ್ಸಿನ ಆ ತುದಿಗೆ ನೋಡಿದಳೋ, ಎಡಗಣ್ಣು ಮೆಲ್ಲಗೆ ಕಿವಿಯ ಕಡೆಗೆ ಓಡುತ್ತಿತ್ತು.

ಹಿರೇಬೆಂಡಿಗೇರಿಯಲ್ಲಿ ಅವಳು ಹುಡುಗಿಯಾಗಿದ್ದಾಗ ಅವಳ ತಾಯಿ ಆ ಕಣ್ಣಿನ ಕಾವಲಿಗೇ ಹುಟ್ಟಿದವಳಂತಿದ್ದಳು. ಮನೆಗೆ ಯಾರಾದರೂ ಬಂದರೆ ಸಾಕು, "ಕೂಡಿಸು" ಎನ್ನುವಳು. ಅಷ್ಟೇ, ಒಂದೇ ಮಾತು. ಶೇಖವ್ವ ಹುಬ್ಬುಗಳ ನಡುವೆ ಬಲ ಹಾಕಿ ಎರಡೂ ಕಣ್ಣುಗಳನ್ನು ಒಂದೆಡೆ ಎಳೆದು ನಿಲ್ಲಿಸಿಕೊಳ್ಳುವಳು. ಕೂಡಿಸದಿದ್ದರೆ ಬೆನ್ನಿಗೆ ಗುದ್ದು. ಹೀಗೆ ಹಿರಿಯರ ಮುಂದೆ, ಮಾಸ್ತರರ ಮುಂದೆ, ಬೀಗರ ಮುಂದೆ ಕಣ್ಣು ಕೂಡಿಸುವುದು ಅವಳಿಗೆ ಸೆರಗು ಸರಿಮಾಡಿಕೊಳ್ಳುವಷ್ಟೇ ಸಹಜವಾಯಿತು. ತಲೆ ಸಿಡಿಯುತ್ತಿತ್ತು, ಅದನ್ನು ಯಾರಿಗೆ ಹೇಳುವುದು?

ಶಿಗ್ಗಾವಿಯಿಂದ ಕನ್ಯೆ ನೋಡಲು ಬಂದ ದಿನ ತಾಯಿ ಇನ್ನೂ ಒಂದು ಉಪಾಯ ಮಾಡಿದಳು. ಹುಡುಗಿಗೆ ಕಸೂತಿ ಬರುತ್ತದೆಂದು ತೋರಿಸುವ ರೂಢಿಯಂತೆ, ಒಂದು ಇಳಕಲ್ ಸೀರೆಯ ಸೆರಗನ್ನೂ ಸೂಜಿಯನ್ನೂ ಕೈಗೆ ಕೊಟ್ಟು ಅವಳನ್ನು ಚಾಪೆಯ ಮೇಲೆ ಕೂರಿಸಿದಳು. ಶೇಖವ್ವ ತಲೆಯೆತ್ತಲೇ ಇಲ್ಲ. ಹತ್ತಿರದ ಸೂಜಿಯ ಮೇಲೆ ನೆಟ್ಟ ಕಣ್ಣುಗಳು ಎಷ್ಟು ಚೆಂದ ಕಂಡವೆಂದರೆ, ಅತ್ತೆಯಾಗಲಿದ್ದ ಅನ್ನವ್ವ, "ಕಣ್ಣ ನೋಡ್ರಿ, ಗೊಂಬಿ ಕಣ್ಣು" ಎಂದಳು. ಮದುವೆಯಾಗಿ ಎಂಟು ದಿನಕ್ಕೆ ಆ ಗೊಂಬೆಯ ಕಣ್ಣು ಹಿತ್ತಲಿನಿಂದ ದೂರದ ಬೇವಿನಮರ ನೋಡುವಾಗ ಓಡಿದ್ದನ್ನು ಅನ್ನವ್ವ ಕಂಡಳು. "ಸೂಜಿ ಹಿಡಿಸಿ ನಮ್ಮ ಕಣ್ಣಾಗ ಮಣ್ಣ ಹಾಕಿದ್ರು" ಎಂಬ ಮಾತು ಅಂದು ಶುರುವಾದದ್ದು ಈವರೆಗೂ ನಿಂತಿರಲಿಲ್ಲ.

ದ್ಯಾಮಪ್ಪನ ಗದ್ದಲವಾದ ಸಂಜೆ ಅವಳ ಗಂಡ ಶಿವಾನಂದ ಮನೆಗೆ ಬರುವಾಗಲೇ ಮುಖ ಬಿಗಿದುಕೊಂಡಿದ್ದ. ಅವನದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಗಿರಾಕಿಗಳು ಅಲ್ಲಿಗೂ ಸುದ್ದಿ ಮುಟ್ಟಿಸಿದ್ದರು. ಅವನು ಕಿಸೆಯಿಂದ ಒಂದು ಕರಿಯ ಚಷ್ಮಾ ತೆಗೆದು ಮೇಜಿನ ಮೇಲೆ ಇಟ್ಟ.

"ನಾಳಿಂದ ಇದನ್ನ ಹಾಕ್ಕೊಂಡು ಹೋಗು."

"ಯಾಕ? ನಾ ಏನು ತಪ್ಪ ಮಾಡೇನಿ ಅಂತ ಮಾರಿ ಮುಚ್ಕೋಬೇಕು? ಆ ದ್ಯಾಮಪ್ಪನ ಬಾಯಿಗೆ ಹಾಕ್ರಿ ಈ ಚಷ್ಮಾ!"

"ಮಂದಿ ನಗ್ತಾರ ಅಂತ ಹೇಳಾಕತ್ತೇನಿ."

"ಮಂದಿ ನನಗ ನಗ್ತಾರೋ, ನಿಮಗೋ?"

ಶಿವಾನಂದ ಚಷ್ಮಾವನ್ನು ಅವಳ ಕಡೆಗೆ ಸರಿಸಿದ. ಶೇಖವ್ವ ಆಗಲೇ ನಿಶ್ಚಯ ಹೇಳಿದಳು: ಸವಣೂರಿಗೆ ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರ್ ಬರುತ್ತಾರೆ, ಅವರಿಗೆ ತೋರಿಸಿ ಆಪರೇಶನ್ ಮಾಡಿಸಿಕೊಳ್ಳುವುದು. ಮೂಲೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಅನ್ನವ್ವ ಕೈ ನಿಲ್ಲಿಸಿದಳು.

"ಈ ವಯಸ್ಸಿನಾಗ ಆಪರೇಶನ್ ಯಾಕಬೇ? ಈಗ ಯಾರು ನೋಡಾಕ ಬರ್ತಾರ ನಿನ್ನ?"

"ದಿನಾ ಬಸ್ಸ ತುಂಬ ಮಂದಿ ನೋಡ್ತಾರ, ಅತ್ತಿ. ನಾ ಅವರನ್ನ ನೋಡಿದ್ದು ಅವರಿಗೆ ತಿಳೀವಲ್ಲದು. ನನ್ನ ಕಣ್ಣೇನು ಬರೇ ಲಗ್ನಕ್ಕಂತ ಹುಟ್ಟಿದ್ದವೇನು?"

ಡಾಕ್ಟರರ ಮುಂದಿನ ಸರದಿಗೆ ಗಂಡನನ್ನೂ ಹೊರಡಿಸಿಕೊಂಡೇ ಅವಳು ಸವಣೂರಿಗೆ ಹೋದಳು. ಡಾಕ್ಟರ್ ದೀಪ್ತಿ ಅದೇ ಊರಿನ ಪಂಡಿತರ ಮನೆತನದವಳು. ಅಜ್ಜ ಸಂಸ್ಕೃತ ಪಾಠ ಹೇಳುತ್ತಿದ್ದ ಪಡಸಾಲೆಯಲ್ಲಿಯೇ ಅವಳು ರೋಗಿಗಳನ್ನು ನೋಡುತ್ತಿದ್ದಳು. ಆಪರೇಶನ್ನುಗಳನ್ನು ಮಾಡುತ್ತಿದ್ದದ್ದು ಹುಬ್ಬಳ್ಳಿಯಲ್ಲಿ. ಶೇಖವ್ವ ಅಂದು ತಲೆಗೆ ಎರೆದುಕೊಂಡು, ಒಳ್ಳೆಯ ಸೀರೆ ಉಟ್ಟು, ಡಾಕ್ಟರರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ದೀಪ್ತಿ ಒಂದು ಕಣ್ಣು ಮುಚ್ಚಿ ತೆಗೆದಳು, ಇನ್ನೊಂದು ಮುಚ್ಚಿ ತೆಗೆದಳು. ಗಾಜಿನ ಪಟ್ಟಕಗಳನ್ನು ಕಣ್ಣಿನೆದುರು ಹಿಡಿದು ಓರೆಯನ್ನು ಅಳೆದಳು. ಕಣ್ಣು ತುಸು ಅಲುಗಾಡಿ ತಟ್ಟನೆ ಮರಳಿ ಬಂದು ನಿಲ್ಲುತ್ತಿತ್ತು.

"ಓರೆ ಭಾಳ ಸಣ್ಣದದ ನೋಡ್ರಿ. ಇಷ್ಟಕ್ಕ ಆಪರೇಶನ್ ಬೇಕಂತ ನನಗ ಅನಸೂದಿಲ್ಲ. ಕಣ್ಣಿಗೆ ಒಂದಷ್ಟು ವ್ಯಾಯಾಮ ಹೇಳಿಕೊಡ್ತೇನಿ" ಎಂದಳು.

 ಶೇಖವ್ವ ಎದ್ದು ಅಂಗಳಕ್ಕೆ ಬಂದರೆ, ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಶಿವಾನಂದ ಆಗಲೇ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ನಗುತ್ತಿದ್ದ.

"ಏನೂ ಇಲ್ಲಂತ ಯವ್ವಾ. ಡಾಕ್ಟ್ರ ಹೇಳಿದ್ರು. ಇಕಿ ಸುಮ್ಮನ ಗದ್ದಲ ಎಬ್ಬಿಸಿದ್ಲು."

"ಏನೂ ಇಲ್ಲೇನು?" ಶೇಖವ್ವನ ದನಿ ಓಣಿಯ ಆ ತುದಿಗೆ ಕೇಳಿಸಿತು. "ಸೂಜಿ ಹಿಡಿಸಿ ಮೋಸ ಮಾಡಿದ್ರು ಅಂತ ನನ್ನ ತೌರಮನೀನ ದಿನಾ ತೊಳೀತಾರಲ್ಲ ನಿಮ್ಮವ್ವ, ಆವಾಗ ಐತಿ, ಡಾಕ್ಟರ ಕಡೆ ಬಂದ್ರ ಇಲ್ಲೇನು? ಮಂದಿ ನಕ್ಕಾಗ ಐತಿ, ಚಷ್ಮಾ ತಂದಾಗ ಐತಿ, ನಾ ಆಪರೇಶನ್ ಅಂದ ಕೂಡಲೆ ಇಲ್ಲೇನು? ಎಲ್ಲಿ ಹೋತದು, ಹಾರಿ ಹೋತೇನು?"

ಶಿವಾನಂದ ಫೋನು ಕೆಳಗಿಳಿಸಿದ. ಪಡಸಾಲೆಯ ಕಿಟಕಿಯಿಂದ ದೀಪ್ತಿ ನೋಡುತ್ತಿದ್ದಳು. ಸಿಟ್ಟಿನಲ್ಲಿ ಕಣ್ಣು ಕೂಡಿಸುವ ಎಚ್ಚರವೇ ಶೇಖವ್ವನಿಗೆ ಉಳಿದಿರಲಿಲ್ಲ. ಎಡಗಣ್ಣು ಪೂರಾ ಕಿವಿಯ ಕಡೆಗೆ ಸರಿದು ಅಲ್ಲಿಯೇ ನಿಂತಿತ್ತು. ಡಾಕ್ಟರ್ ಬರಿಗಾಲಿನಲ್ಲಿಯೇ ಅಂಗಳಕ್ಕೆ ಓಡಿಬಂದಳು.

"ಶೇಖವ್ವಾರ, ನಿಲ್ಲಸಬ್ಯಾಡ್ರಿ! ಇನ್ನೊಂದೀಟು ಬಯ್ರಿ. ಅಲ್ಲಿ ಆ ನೀರಿನ ಟಾಕಿ ನೋಡಕೋತ ಬಯ್ರಿ!"

ಶಿವಾನಂದ ಬೆಪ್ಪಾದ. "ಮೇಡಂ, ನೀವೂ ಹಿಂಗಂದ್ರ ಹೆಂಗ್ರಿ?"

"ನೀವು ಸುಮ್ಮನ ನಿಂತು ಬಯ್ಯಿಸ್ಕೋರಿ. ನಿಮ್ಮ ಮನಿಯವರ ಅಳತಿ ಈಗ ಸಿಗಲಿಕ್ಕತ್ತದ."

ಬಯ್ಯಲು ಹೇಳಿದ ಮೇಲೆ ಶೇಖವ್ವನಿಗೆ ಬಯ್ಗುಳ ಬರಲಿಲ್ಲ. ದೀಪ್ತಿ ಅವಳನ್ನು ಒಳಗೆ ಕರೆದೊಯ್ದು ಕೇಳಿದಳು:

"ನನ್ನ ಮುಂದ ಕಣ್ಣು ಬಿಗಿಹಿಡಕೊಂಡು ಕುಂತಿದ್ರೇನು?"

"ದೊಡ್ಡವರ ಮುಂದ ಕಣ್ಣ ಕೂಡಿಸಿ ಕುಂದ್ರಬೇಕಲ್ರಿ. ನಮ್ಮವ್ವ ಹಂಗ ಕಲಿಸ್ಯಾಳ."

"ಅಯ್ಯ, ಹೊಟ್ಟಿ ಒಳಗ ಎಳಕೊಂಡು ಟೇಲರಗೆ ಜಂಪರಿನ ಅಳತಿ ಕೊಟ್ಟಂಗಾತಲ್ಲ ಇದು! ಈ ಅಳತೀ ನಂಬಿ ನಾ ಆಪರೇಶನ್ ಮಾಡಿದ್ರ ಅರ್ಧಾ ಓರೆ ಹಂಗ ಉಳೀತಿತ್ತು. ಆಮ್ಯಾಲೆ ನೀವು ನನ್ನನ್ನ ಬೀದ್ಯಾಗ ನಿಲ್ಲಿಸಿ ಬಯ್ತಿದ್ರಿ."

ಶೇಖವ್ವನಿಗೆ ಈಗ ಹೊಳೆಯಿತು. ಯಾರು ಗುಣಮಾಡಬೇಕೋ ಅವರ ಮುಂದೆಯೇ ಬೇನೆಯನ್ನು ಬಚ್ಚಿಟ್ಟುಕೊಂಡು ಕುಳಿತಿದ್ದಳು. ಅದೂ ತನಗೇ ತಿಳಿಯದಂತೆ. ತಾಯಿ ಬದುಕಿದ್ದರೆ ಇವಳು ಅಲ್ಲಿಂದಲೇ ಅವಳಿಗೆ ಫೋನು ಹಚ್ಚಿ ಜಗಳವಾಡುತ್ತಿದ್ದಳು. ತೀರಿಹೋದವಳ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಳಿಸಬೇಕು? 

ದೀಪ್ತಿ ಅವಳ ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ತಾಸುಹೊತ್ತು ಹಾಗೆಯೇ ಕೂರಲು ಹೇಳಿದಳು. ಎರಡೂ ಕಣ್ಣುಗಳು ಒಂದಾಗಿ ನೋಡುವ ಬಲವಂತ ತಪ್ಪಿದರೆ ಬಿಗಿತ ಸಡಿಲಾಗಿ ನಿಜವಾದ ಓರೆ ಹೊರಬೀಳುತ್ತದಂತೆ. ಶಿವಾನಂದ ಚಹಾ ತಂದುಕೊಟ್ಟ. ಅವಳು ಅದನ್ನು ಮುಟ್ಟಲಿಲ್ಲ. ಅದು ಆರಿ ಕೆನೆಗಟ್ಟಿತು. ಪಟ್ಟಿ ತೆಗೆದ ಕೂಡಲೇ, ಕೂಡಿಸಲು ಅವಕಾಶ ಕೊಡದೆ, ಡಾಕ್ಟರ್ ದೂರದ ಟಾಕಿಯನ್ನು ನೋಡಿಸಿ ಅಳೆದಳು, ಹತ್ತಿರದ ಬೆರಳನ್ನು ನೋಡಿಸಿ ಅಳೆದಳು. ಓರೆ ಬೆಳಗ್ಗೆ ಕಂಡದ್ದಕ್ಕಿಂತ ಬಹಳ ಹೆಚ್ಚಿತ್ತು.

"ಆಪರೇಶನ್ ಮಾಡಬಹುದು" ಎಂದು ದೀಪ್ತಿ ಇಬ್ಬರನ್ನೂ ಕೂರಿಸಿಕೊಂಡು ಹೇಳತೊಡಗಿದಳು. "ಕಣ್ಣಿನ ಗುಡ್ಡಿಗೆ ಆಚೆ ಈಚೆ ಎರಡು ಲಗಾಮು ಇದ್ದಂಗ ಸ್ನಾಯು ಇರ್ತಾವ. ನಿಮಗ ಹೊರಗಿನ ಕಡೆ ಜಗ್ಗು ಹೆಚ್ಚದ. ಮಾಡ್ಲಿಕ್ಕೆ ಎರಡು ಪದ್ಧತಿ ಅವ. ಒಂದು, ಒಂದೇ ಕಣ್ಣಿಗೆ ಮಾಡೂದು: ಅದರ ಹೊರಗಿನ ಲಗಾಮು ಸಡಲ ಮಾಡಿ, ಒಳಗಿನದನ್ನ ಗಿಡ್ಡ ಮಾಡಿ ಬಿಗಿಯೂದು. ಇನ್ನೊಂದು, ಎರಡೂ ಕಣ್ಣಿಗೆ ಮಾಡೂದು: ಎರಡರದೂ ಹೊರಗಿನ ಲಗಾಮು ಅಷ್ಟಷ್ಟು ಸಡಲ ಬಿಡೂದು. ಬಿಗಿಯೂದು ಇಲ್ಲ."

"ಯಾವುದು ಛಲೋ?" ಎಂದಳು ಶೇಖವ್ವ.

"ಎರಡನ್ನೂ ಹೋಲಿಸಿ ನೋಡಿದವರು ಭಾಳ ಮಂದಿ ಇದ್ದಾರ. ಕೆಲವರು ಇದು ಮೇಲು ಅಂತಾರ, ಕೆಲವರು ಅದು. ವರ್ಷಗಟ್ಟಲೆ ನೋಡಿದ್ರ ದೊಡ್ಡ ಅಂತರ ಕಾಣೂದಿಲ್ಲ. ಯಾವುದು ಮಾಡಿದ್ರೂ ಕೆಲವರಿಗೆ ಓರೆ ತಿರುಗಿ ಬರ್ತದ, ಇನ್ನೊಮ್ಮೆ ಮಾಡಬೇಕಾಗಬಹುದು."

"ಹಂಗಾರ ನಿಮಗೂ ಗೊತ್ತಿಲ್ಲ ಅಂದಂಗಾತು!"

"ಗೊತ್ತಿದ್ದದ್ದು ಹೇಳಿದೆ. ಗೊತ್ತಿಲ್ಲದ್ದನ್ನ ಗೊತ್ತದ ಅಂತ ಹೇಳಲೇನು, ನಿಮ್ಮ ಸಿಟ್ಟಿಗೆ ಅಂಜಿ?"

ಶೇಖವ್ವ ಅವಳನ್ನು ದಿಟ್ಟಿಸಿದಳು. ತನ್ನೊಡನೆ ಇಷ್ಟು ನೇರವಾಗಿ ಮಾತಾಡಿದವರು ಕಡಿಮೆ. ಕುರ್ಚಿಯನ್ನು ಮುಂದೆ ಎಳೆದುಕೊಂಡು ಕುಳಿತಳು.

ಅಷ್ಟರಲ್ಲಿ ಶಿವಾನಂದ ಬಾಯಿ ಹಾಕಿದ. "ಒಂದೇ ಕಣ್ಣಿಗೆ ಮಾಡಿಬಿಡ್ರಿ ಮೇಡಂ. ಎಡಗಣ್ಣು ಕೆಟ್ಟೈತಿ, ಅದನ್ನ ರಿಪೇರಿ ಮಾಡ್ರಿ. ಛಲೋ ಇದ್ದ ಮೋಟಾರ ಯಾರಾರ ಬಿಚ್ಚತಾರೇನ್ರಿ?" ಅವನ ಕೈಯಲ್ಲಿದ್ದ ಫೋನಿನಿಂದ ಅನ್ನವ್ವನ ದನಿಯೂ ಕೇಳಿಬಂತು, ಅವನು ಮತ್ತೆ ಫೋನು ಹಚ್ಚಿ ಇಟ್ಟಿದ್ದ. "ಹೌದವ್ವಾ ಡಾಕ್ಟರಬಾಯಿ, ಛಲೋ ಕಣ್ಣಿಗೆ ಕತ್ತರಿ ಹಚ್ಚಬ್ಯಾಡ್ರಿ. ಅದೂ ಹೋತಂದ್ರ ಯಾರು ದುಡೀಬೇಕು?"

"ಕೆಟ್ಟ ಕಣ್ಣು ಅಂತ ಯಾರು ಹೇಳಿದ್ರು?" ಎಂದು ದೀಪ್ತಿ ಶೇಖವ್ವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನಿಂದ ಟಾಕಿಯನ್ನು ನೋಡಲು ಹೇಳಿದಳು; ಆಮೇಲೆ ಕೈ ತೆಗೆದಳು. "ಈಗ ನೋಡ್ರಿ ಶಿವಾನಂದ. ಎಡಗಣ್ಣು ನೆಟ್ಟಗ ನೋಡ್ಲಿಕ್ಕತ್ತದ. ಓಡಿದ್ದು ಯಾವುದು?"

ಶಿವಾನಂದ ಬಗ್ಗಿ ನೋಡಿದ. ಬಲಗಣ್ಣು ಹೊರಗೆ ಸರಿದಿತ್ತು.

"ಬಲಗಣ್ಣಿನಿಂದ ನೋಡೂ ರೂಢಿ ಬಿದ್ದದ, ಅದಕ್ಕ ಎಡಗಣ್ಣು ಓಡೂದು ಹೆಚ್ಚು ಕಾಣ್ತದ. ಎರಡೂ ಕಣ್ಣಿಗೆ ದೃಷ್ಟಿ ಛಲೋನ ಅದ. ಕೂಡಿ ನೋಡೂದು ಅಷ್ಟ ತಪ್ಪೇದ. ಬಿಸಲಾಗ ಒಂದು ಕಣ್ಣು ಮುಚ್ಚೂದೂ ಇದರದೇ ಗುಣ."

ಶೇಖವ್ವ ಗೋಡೆಯ ಕನ್ನಡಿಯ ಕಡೆಗೆ ಹೋಗಿ ನಿಂತಳು, ಮತ್ತೆ ತಿರುಗಿ ಬಂದಳು. ಇಷ್ಟು ವರ್ಷ ಎಡಗಣ್ಣೊಂದನ್ನೇ ಅಪರಾಧಿ ಮಾಡಿ, ಅದಕ್ಕೆ ಗುದ್ದು ತಿಂದು, ಅದಕ್ಕೆ ಶಾಪ ಹಾಕಿ ಬದುಕಿದ್ದಳು. "ಒಬ್ಬರಾದ್ರೂ, ಒಬ್ಬರಾದ್ರೂ ಆಸ್ಪತ್ರಿಗೆ ಕರಕೊಂಡು ಹೋಗಿದ್ರ!" ಎಂದು ಅವಳು ಮೇಜಿಗೆ ಗುದ್ದಿದಾಗ ಪಟ್ಟಕಗಳು ಪೆಟ್ಟಿಗೆಯಲ್ಲಿ ಗಲಗಲ ಎಂದವು. "ಗುದ್ದಾಕ ಕೈ ಇತ್ತು, ನಗಾಕ ಬಾಯಿ ಇತ್ತು, ತೋರಿಸಾಕ ಕಾಲ ಇರಲಿಲ್ಲ ಯಾರಿಗೂ!"

 ಶಿವಾನಂದ ಫೋನು ಆರಿಸಿ ಕಿಸೆಗಿಟ್ಟ. ಶೇಖವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

"ಮೇಡಂ, ನನಗ ದಿನಾ ಎಡಕ್ಕ ಬಲಕ್ಕ ನೋಡೂದ ಕೆಲಸ. ಮುಂದಿನ ಬಾಗಲಾ, ಹಿಂದಿನ ಬಾಗಲಾ. ಯಾವುದು ಮಾಡಿಸ್ಕೊಂಡ್ರ ಅದಕ್ಕ ಅಡ್ಡಿ ಕಡಿಮಿ?"

"ಹಾಂ, ಅದು ಕೇಳೂ ಮಾತು. ಒಂದೇ ಕಣ್ಣಿನಾಗ ಸಡಲ, ಬಿಗಿ ಎರಡೂ ಮಾಡಿದ್ರ, ಆ ಕಣ್ಣಿನ ಕಡೆ ಹೊರಳಿ ನೋಡೂ ಮುಂದ ಕೆಲವರಿಗೆ ಒಂದು ಎರಡಾಗಿ ಕಾಣ್ತದ. ಸ್ವಲ್ಪ ದಿನ ಇರಬಹುದು, ಹೆಚ್ಚು ದಿನಾನೂ ಇರಬಹುದು. ಎರಡೂ ಕಣ್ಣಿಗೆ ಸಮ ಸಡಲ ಬಿಟ್ರ ಆ ತ್ರಾಸು ಕಡಿಮಿ. ಖರೆ, ಎರಡೂ ಕಣ್ಣು ಕೆಂಪಾಗ್ತಾವ, ಎರಡೂ ಕಡೆ ಹೊಲಿಗೆ ಚುಚ್ಚತಾವ. ದಿನಾ ಹೋದಂಗ ಓರೆ ಒಂದೀಟು ತಿರುಗಿ ಬಂದ್ರೂ ಬರಬಹುದು."

"ಹಿಂದಿನ ಬಾಗಲದಾಗ ಒಬ್ಬಾಂವ ಹತ್ತಿದ್ರ ಇಬ್ಬರಾಗಿ ಕಾಣಬೇಕೇನು ನನಗ? ಬ್ಯಾಡ. ಎರಡಕ್ಕೂ ಮಾಡ್ರಿ."

"ಶೇಖಾ, ಮನ್ಯಾಗ ಕುಂತು ವಿಚಾರ ಮಾಡೋಣಲ್ಲ" ಎಂದ ಶಿವಾನಂದ.

"ಮನ್ಯಾಗ ಕುಂತು ಹದಿನಾರು ವರ್ಷ ವಿಚಾರ ಮಾಡೀರಿ. ಒಂದು ಕರೇ ಚಷ್ಮಾ ಹುಟ್ಟಿತು." ಅವಳು ಡಾಕ್ಟರರ ಕಡೆಗೆ ತಿರುಗಿದಳು. "ಸಹಿ ಇವರದು ಬೇಕೇನ್ರಿ?"

"ನಿಮ್ಮ ಕಣ್ಣು, ನಿಮ್ಮ ಸಹಿ. ಯಾರಾದ್ರೂ ಜೊತಿಗೆ ಬಂದ್ರ ಸಾಕು."

ಜೊತೆಗೆ ಶಿವಾನಂದ ಬರಲಿಲ್ಲ. ಛಲೋ ಕಣ್ಣಿಗೆ ಕತ್ತರಿ ಹಾಕುವುದನ್ನು ತಾನು ನಿಂತು ನೋಡಲಾರೆ ಎಂದ. ತಾಯಿಯ ಮಾತನ್ನೇ ತನ್ನ ಮಾತೆಂದು ಹೇಳುವುದು ಅವನಿಗೆ ಮೊದಲಿನಿಂದ ಇದ್ದ ಗುಣ. ಹುಬ್ಬಳ್ಳಿಗೆ ಹೊರಟ ದಿನ ಹಸನಸಾಬನ ಹೆಂಡತಿ ಫರ್ಹತ ಬುತ್ತಿ ಕಟ್ಟಿಕೊಂಡು ಬಂದು ಬಸ್ಸಿನಲ್ಲಿ ಶೇಖವ್ವನ ಪಕ್ಕ ಕುಳಿತಳು. "ನಮ್ಮವರು ಹೇಳ್ಯಾರ, ಡಾಕ್ಟರ ಜೋಡಿ ಜಗಳ ಆಡದಂಗ ನೋಡ್ಕೋ ಅಂತ" ಎಂದು ಅವಳು ನಕ್ಕಾಗ ಶೇಖವ್ವನೂ ನಗಬೇಕಾಯಿತು. ಆದರೆ ಆಪರೇಶನ್ ಕೋಣೆಯ ಬಾಗಿಲಲ್ಲಿ ಅವಳ ಹೆಜ್ಜೆ ನಿಂತಿತು. ಎರಡೂ ಕಣ್ಣುಗಳನ್ನು ಒಮ್ಮೆಗೇ ಒಪ್ಪಿಸುತ್ತಿದ್ದಾಳೆ. ಅತ್ತೆಯ ಮಾತು ನಿಜವಾಗಿಬಿಟ್ಟರೆ? ಆ ಅಂಜಿಕೆಯನ್ನು ಅವಳು ಫರ್ಹತಳಿಗೂ ಹೇಳಲಿಲ್ಲ. ಅವಳ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದಳು.

ಮರುದಿನ ಶಿವಾನಂದ ರೊಟ್ಟಿ ಪಲ್ಯದ ಡಬ್ಬಿ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. ಶೇಖವ್ವನ ಎರಡೂ ಕಣ್ಣುಗಳು ಕೆಂಡದಂತೆ ಕೆಂಪಾಗಿದ್ದವು. ಮೊದಲ ಕೆಲವು ದಿನ ಒಂದು ಎರಡಾಗಿ ಕಾಣಬಹುದೆಂದು, ಅದು ಕ್ರಮೇಣ ಹೋಗುತ್ತದೆಂದು ದೀಪ್ತಿ ಮೊದಲೇ ತಿಳಿಸಿದ್ದಳು.

"ಹೆಂಗೈತಿ?" ಎಂದ ಅವನು, ಒಳಗೆ ಬಾರದೆ.

"ನಿಮ್ಮಂಥಾವರು ಇಬ್ಬರು ಕಾಣಾಕತ್ತೀರಿ. ಒಬ್ಬನ್ನ ಸಂಭಾಳಸೂದರಾಗ ನನಗ ಸಾಕಾಗಿತ್ತು."

ಫರ್ಹತ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಿವಾನಂದ ಡಬ್ಬಿ ಇಟ್ಟು, ಸ್ಟೂಲಿನ ಮೇಲೆ ಕುಳಿತು, "ಬರಬೇಕಾಗಿತ್ತು ನಾ ನಿನ್ನೆ" ಎಂದ. "ಹೌದು, ಬರಬೇಕಾಗಿತ್ತು" ಎಂದಳು ಶೇಖವ್ವ. ಅವಳು ಅದನ್ನು ಮನ್ನಿಸಲಿಲ್ಲ. ಆದರೆ ರೊಟ್ಟಿ ತಿಂದಳು, ಹಸಿವಾಗಿತ್ತು.

ಎರಡಾಗಿ ಕಾಣುವುದು ವಾರದೊಳಗೆ ನಿಂತಿತು. ಕೆಂಪು ಇಳಿಯಲು ಇನ್ನಷ್ಟು ದಿನ ಬೇಕಾಯಿತು. ತಪಾಸಣೆಗೆ ಹೋದಾಗ ದೀಪ್ತಿ ಅವಳನ್ನು ಟಾಕಿ ನೋಡಿಸಿ, "ಕೂಡಿಸಬ್ಯಾಡ್ರಿ, ಸಡಲ ಬಿಡ್ರಿ" ಎಂದಳು. ಬಿಟ್ಟಳು. ಕಣ್ಣುಗಳು ನಿಂತಲ್ಲಿಯೇ ನಿಂತವು. ಬಹಳ ದಣಿದ ದಿನ ಒಂದು ಕಣ್ಣು ಕೂದಲೆಳೆಯಷ್ಟು ಸರಿದರೂ ಗಾಬರಿಯಾಗಬೇಡಿ, ಆದರೆ ಬಚ್ಚಿಡದೆ ಬಂದು ತೋರಿಸಿ ಎಂದು ಡಾಕ್ಟರ್ ಹೇಳಿ ಕಳಿಸಿದಳು. ಹುಬ್ಬುಗಳ ನಡುವಿನ ನೋವು ಹೋಗಿತ್ತು. ಅದು ಇಷ್ಟು ವರ್ಷ ಎಷ್ಟು ಭಾರವಾಗಿತ್ತು ಎಂಬುದು ಹೋದ ಮೇಲೆ ಅವಳಿಗೆ ತಿಳಿಯಿತು.

ಅವಳು ಕೆಲಸಕ್ಕೆ ಮರಳುವ ಹಿಂದಿನ ದಿನ ಅನ್ನವ್ವನ ಹಾನಗಲ್ಲಿನ ತಂಗಿ ಮನೆಗೆ ಬಂದಳು. ಬಂದವಳು ಶೇಖವ್ವನ ಗದ್ದ ಹಿಡಿದು ನೋಡಿ ಬೆರಗಾದಳು.

"ಎಷ್ಟು ಚೆಂದ ಆಗ್ಯಾವಲ್ಲ ಕಣ್ಣು! ಯಾರು ಮಾಡಿಸಿದ್ರವ್ವಾ?"

"ನಾವ ಮಾಡಿಸಿದ್ವಿ" ಎಂದಳು ಅನ್ನವ್ವ, ಅಡಕೆ ಕತ್ತರಿಸುತ್ತ. "ಸೊಸಿ ಅಂದ್ರ ಮಗಳಿದ್ದಂಗ. ಎರಡೂ ಕಣ್ಣಿಗೆ ಮಾಡಿಸ್ರಿ, ಖರ್ಚ ನೋಡಬ್ಯಾಡ್ರಿ ಅಂತ ನಾನ ಹೇಳ್ದೆ."

ಶೇಖವ್ವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಬಾಯಿ ತುಂಬ ಬಂದ ಮಾತನ್ನು ನುಂಗಿ, ಪಡಸಾಲೆಯ ಆ ತುದಿಯಲ್ಲಿದ್ದ ಅತ್ತೆಯನ್ನು ನೋಡಿದಳು, ನೋಡುತ್ತಲೇ ನಿಂತಳು. ಹಿಂದೆ ಹೀಗೆ ನೋಡಿದಾಗಲೆಲ್ಲ ಅನ್ನವ್ವ, ಇವಳು ಗೋಡೆ ನೋಡುತ್ತಿದ್ದಾಳೋ ಏನೋ ಎಂಬಂತೆ ತನ್ನ ಕೆಲಸ ಮುಂದುವರಿಸುತ್ತಿದ್ದಳು. ಈ ಸಲ ಅಡಕೊತ್ತು ನಡುವೆಯೇ ನಿಂತಿತು.

"ಹಂಗ್ಯಾಕ ನೋಡ್ತೀಬೇ?"

"ಹೆಂಗ?"

"ಹಂಗ... ನನ್ನ."

"ನಿಮ್ಮನ್ನ ನೋಡಾಕತ್ತೇನಿ, ಅತ್ತಿ."

ತಂಗಿ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದಳು. ಅನ್ನವ್ವ ಅಡಕೊತ್ತನ್ನು ತಟ್ಟೆಯಲ್ಲಿಟ್ಟು, ಸೆರಗು ಹೊದ್ದುಕೊಂಡು, ಗೋಡೆಯ ಕಡೆಗೆ ಮುಖ ಮಾಡಿ ಹೇಳಿದಳು:

"ಆಕೀನ ಮಾಡಿಸ್ಕೊಂಡ್ಲು ಬಿಡ. ನಾ ಬ್ಯಾಡಂದಿದ್ದೆ."